ತಡೆಯಬಾರದ ವೇಗ, ತಡೆಯಲೇಬೇಕಾದ ವೇಗ

ಕಳೆದ ತಿಂಗಳು ದಂಪತಿಗಳು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಯಜಮಾನರಿಗೆ 52 ವರ್ಷ, ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ನಾನು ನಾಡಿ ನೋಡಲು ಕೈ ಚಾಚುವ ಮೊದಲೇ ಅವರ ಶ್ರೀಮತಿಯವರು ತಮ್ಮ ಅಹವಾಲನ್ನು ಮುಂದಿಟ್ಟರು. “ಡಾಕ್ಟ್ರ, ಇವರಿಗೆ ನೀವರ ಸ್ವಲ್ಪ ಬುದ್ಧಿ ಹೇಳ್ರಿ. ಮಗಳ ಮದುವಿ ಆತು, ಇನ್ನರ ಮನ್ಯಾಗ ಸಮಾಧಾನದಿಂದ ಇರ್ತಾರ ಅಂದ್ರ, ಎರಡು ಲಕ್ಷ ಸುರಿದು ಬುಲೆಟ್ ತಂದು ಅಂಗಳದಾಗ ನಿಲ್ಲಿಸ್ಯಾರ. ಐತವಾರ ಬಂತಂದ್ರ ಹುಡುಗರ ಕೂಡ ತಿರುಗಾಕ ಹೊಂಟುಬಿಡ್ತಾರ. ರಾತ್ರಿ ಸೊಂಟ ನೋವು ಅಂತ ನರಳತಾರ. ಗಾಡಿ ಮಾರಿಬಿಡ್ರಿ ಅಂತ ನೀವ ಹೇಳ್ರಿ, ನಿಮ್ಮ ಮಾತು ಮೀರಂಗಿಲ್ಲ.”

ಯಜಮಾನರು ತಪ್ಪು ಮಾಡಿದ ವಿದ್ಯಾರ್ಥಿಯಂತೆ ನೆಲ ನೋಡುತ್ತ ಕುಳಿತಿದ್ದರು. ನನಗೆ ಸಂಕೋಚವಾಯಿತು. ಏಕೆಂದರೆ ನನ್ನ ಕುರ್ಚಿಯ ಹಿಂದಿನ ಗೂಟಕ್ಕೆ ನನ್ನದೇ ಹೆಲ್ಮೆಟ್ ತೂಗುತ್ತಿತ್ತು. ಆ ತಾಯಿ ಅದನ್ನು ಇನ್ನೂ ಗಮನಿಸಿರಲಿಲ್ಲ.

ಓದುಗ ಬಂಧುಗಳೇ, ಆ ದಿನ ನಾನು ಅವರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ನಿಮ್ಮ ಮುಂದಿಡುತ್ತಿದ್ದೇನೆ. ಇಂದು ಇದು ಒಂದು ಮನೆಯ ಮಾತಾಗಿ ಉಳಿದಿಲ್ಲ. ನಲವತ್ತೈದು, ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ದೊಡ್ಡ ಮೋಟಾರ್ ಸೈಕಲ್ ಏರುವವರನ್ನು ಪ್ರತಿ ಊರಿನಲ್ಲಿಯೂ ಕಾಣುತ್ತಿದ್ದೇವೆ. ಸಮಾಜ ಅವರನ್ನು ಕಂಡು ಒಂದೋ ನಗುತ್ತದೆ, ಇಲ್ಲವೇ ಭೇಷ್ ಎಂದು ಬೆನ್ನು ತಟ್ಟುತ್ತದೆ. ಎರಡರಿಂದಲೂ ಅವರಿಗೆ ಹಿತವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆಸೆ ರೋಗವಲ್ಲ

ನಮ್ಮ ಬಾಲ್ಯದಲ್ಲಿ ಊರಿಗೆ ಒಂದೋ ಎರಡೋ ಮೋಟಾರ್ ಸೈಕಲ್ಲುಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನ ಗಾಡಿಗಳು ಹೊರಬರುತ್ತಿದ್ದವು. ಕಿಕ್ ಹೊಡೆದ ಸನ್ನೆಯನ್ನೇ ಮಡಚಿ ಗೇರು ಹಾಕುವ ಅದರ ವಿಶೇಷವನ್ನು ನೋಡಲು ನಾವು ಹುಡುಗರು ಮುತ್ತಿಕೊಳ್ಳುತ್ತಿದ್ದೆವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಬುಲೆಟ್ ಅಂತೂ ಪೊಲೀಸರದು, ಸೈನಿಕರದು, ದೊಡ್ಡ ಜಮೀನ್ದಾರರದು, ನಮ್ಮಂಥವರದಲ್ಲ. ನಮ್ಮ ಪೀಳಿಗೆ ಸೈಕಲ್ಲಿನಿಂದ ಸ್ಕೂಟರಿಗೆ ಬಂದಿತು. ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ಕೊಕ್ಕೆಗೆ ತರಕಾರಿ ಚೀಲ ಸಿಕ್ಕಿಸಿಕೊಂಡು ಸಂಸಾರ ಸಾಗಿಸಿತು. ಮಕ್ಕಳು ನೆಲೆ ನಿಂತು, ಮನೆಯ ಸಾಲ ತೀರಿದ ಮೇಲೆ, ಹಳೆಯ ಆಸೆಯೊಂದು ಮೂಲೆಯಿಂದ ಎದ್ದು ಬಂದು ಎದುರು ನಿಂತರೆ ಅದರಲ್ಲಿ ಅಪರಾಧವೇನಿದೆ?

ನಾನು ಮೋಟಾರ್ ಸೈಕಲ್ ಕಲಿತದ್ದು ನನ್ನ 54ನೆಯ ವಯಸ್ಸಿನಲ್ಲಿ. ಈಗ ನನಗೆ 64. ಈ ಹತ್ತು ವರ್ಷಗಳಲ್ಲಿ ಬೆಳಗಿನ ಜಾವ ಐದಕ್ಕೆ ಎದ್ದು, ಬಾದಾಮಿ–ಪಟ್ಟದಕಲ್ಲು–ಐಹೊಳೆಗಳ ದಾರಿಯಲ್ಲಿ ಸೂರ್ಯೋದಯ ಕಂಡಿದ್ದೇನೆ. ದಾಂಡೇಲಿಯ ಕಾಡಿನ ಮೊದಲ ಮಳೆಯ ಮಣ್ಣಿನ ವಾಸನೆ ಕುಡಿದಿದ್ದೇನೆ. ವೈದ್ಯನೆಂಬ ಗೌರವದ ಹೊದಿಕೆಯಿಲ್ಲದೆ, ನನ್ನ ಮಗನ ವಯಸ್ಸಿನವರೊಂದಿಗೆ ರಸ್ತೆ ಬದಿಯ ಹೋಟೆಲಿನಲ್ಲಿ ಕುಳಿತು ಗಿರಮಿಟ್ಟು ತಿಂದಿದ್ದೇನೆ. ಇದರಿಂದ ಮನಸ್ಸಿಗೆ ದೊರೆತ ಪ್ರಸನ್ನತೆ ಸಣ್ಣದಲ್ಲ. ಆಯುರ್ವೇದವು ಆರೋಗ್ಯದ ಲಕ್ಷಣಗಳಲ್ಲಿ ಮನಸ್ಸಿನ ಪ್ರಸನ್ನತೆಯನ್ನೂ ಎಣಿಸಿದೆ. ಆದ್ದರಿಂದ ಆಸೆಯನ್ನು ನಾನು ರೋಗವೆಂದು ಕರೆಯಲಾರೆ. ರೋಗ ಇರುವುದು ಬೇರೆಡೆ: ತಾನು ಹೊಸಬನೆಂದು ಒಪ್ಪಿಕೊಳ್ಳಲಾಗದ ಮನಸ್ಸಿನಲ್ಲಿ.

ಇಪ್ಪತ್ತರ ಹುಡುಗ ಗಾಡಿ ಕಲಿಯುವಾಗ ಬಿದ್ದರೆ ಯಾರೂ ಅಚ್ಚರಿಪಡುವುದಿಲ್ಲ. ಐವತ್ತರ ಮನುಷ್ಯ ತನ್ನ ಉದ್ಯೋಗದಲ್ಲಿ ಹಿರಿಯ, ಮನೆಯಲ್ಲಿ ಹಿರಿಯ, ಓಣಿಯಲ್ಲಿ ಹಿರಿಯ. ಅವನಿಗೆ ಎಲ್ಲರೆದುರು ಅ ಆ ಇ ಈ ತಿದ್ದುವುದು ಕಷ್ಟ. ನಾನು ಹೊಸದರಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಲ್ಲಿಯೇ ಗಾಡಿ ಬೀಳಿಸಿದೆ. ಇಳಿಜಾರಿನ ಕಡೆಗೆ ಕಾಲು ಊರಿದೆ, ಮೊಣಕಾಲು ಸೋತಿತು, 190 ಕಿಲೋಗ್ರಾಂ ಮೀರಿದ ಯಂತ್ರ ನಿಧಾನವಾಗಿ ಮಲಗಿತು. ಪೆಟ್ಟಾಗಲಿಲ್ಲ. ಆದರೆ ಹುಡುಗರು ಓಡಿ ಬಂದು ಎತ್ತಿದಾಗ ನಾನು ಹೇಳಿದ್ದು “ನೆಲದ ಮೇಲೆ ಎಣ್ಣೆ ಚೆಲ್ಲಿತ್ತು” ಎಂದು. ಎಣ್ಣೆ ಇರಲಿಲ್ಲ. ಆ ಒಂದು ಸುಳ್ಳಿನಲ್ಲಿಯೇ ನನ್ನ ಮುಂದಿನ ಅಪಾಯದ ಬೀಜವಿತ್ತು.

ತಡೆಯಬಾರದ ವೇಗಗಳು

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆಂದು ಓದಿದ್ದೆ. ಅರ್ಥವಾದದ್ದು ಮೋಟಾರ್ ಸೈಕಲ್ ಏರಿದ ಮೇಲೆ. ಅಲ್ಲಿ ‘ವೇಗ’ವೆಂದರೆ ದೇಹದ ಸಹಜ ಒತ್ತಡ. ಮೂತ್ರ, ಮಲ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ದೆ, ಕಣ್ಣೀರು ಮೊದಲಾದ 13 ವೇಗಗಳನ್ನು ಹೆಸರಿಸಿ, ಇವನ್ನು ತಡೆಯಬಾರದು, ತಡೆದರೆ ರೋಗ ಹುಟ್ಟುತ್ತದೆ ಎಂದು ಆಚಾರ್ಯರು ಎಚ್ಚರಿಸುತ್ತಾರೆ.

ಒಮ್ಮೆ ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ಮಾರ್ಗವಾಗಿ ಕಾರವಾರಕ್ಕೆ ಹೊರಟಿದ್ದೆವು. ತಂಡದಲ್ಲಿ ಹನ್ನೊಂದು ಗಾಡಿಗಳು. ಮಧ್ಯೆ ಮಧ್ಯೆ ಮೂತ್ರಕ್ಕೆ ನಿಲ್ಲಿಸೆಂದರೆ ‘ಮುದುಕ’ ಎಂದಾರೆಂದು ಹೊರಡುವಾಗ ನೀರನ್ನೇ ಕುಡಿಯಲಿಲ್ಲ. ಬೆಳಗಿನ ತಿಂಡಿಯೂ ಅರ್ಧ. ಯಲ್ಲಾಪುರ ದಾಟುವಷ್ಟರಲ್ಲಿ ನೀರು ಕುಡಿಯದಿದ್ದರೂ ಮೂತ್ರದ ಒತ್ತಡ, ನಾಲಿಗೆ ಒಣಗಿದೆ, ತಲೆ ಭಾರ. ಆದರೂ ಮುಂದಿನವನ ಕೆಂಪು ದೀಪವನ್ನೇ ನೋಡುತ್ತ ಅರಬೈಲ್ ಘಟ್ಟ ಇಳಿಯತೊಡಗಿದೆ. ಒಂದು ಎಡ ತಿರುವಿನಲ್ಲಿ ನನ್ನ ಗಾಡಿ ತನ್ನ ಪಥ ಬಿಟ್ಟು ರಸ್ತೆಯ ಬಲಕ್ಕೆ ಸರಿಯಿತು. ಎದುರಿಗೆ ಅದಿರಿನ ಲಾರಿ. ನಾನು ಆ ಲಾರಿಯನ್ನೇ ನೋಡುತ್ತಿದ್ದೆ. ನೋಡಿದ ಕಡೆಗೇ ಗಾಡಿ ಹೋಗುತ್ತದೆಂಬುದು ಚಾಲಕರಿಗೆಲ್ಲ ತಿಳಿದ ಪಾಠ. ಅದರ ಚಾಲಕ ಪುಣ್ಯಾತ್ಮ, ನಿಧಾನಿಸಿ ದಾರಿ ಕೊಟ್ಟ. ನಾನು ಅಂಚಿನ ಜಲ್ಲಿಯ ಮೇಲೆ ಹೇಗೋ ನಿಂತೆ. ಕೈ ನಡುಗುತ್ತಿತ್ತು.

ತಂಡದ ಮುಂದಾಳು ಇಪ್ಪತ್ತಾರು ವರ್ಷದ ಹುಡುಗ. ಹಿಂದಿರುಗಿ ಬಂದು, ನನ್ನ ಕೈಗೆ ನೀರಿನ ಬಾಟಲಿ ಕೊಟ್ಟು, ಎಲ್ಲ ಕೇಳಿ ತಿಳಿದುಕೊಂಡು ಇಷ್ಟೇ ಅಂದ: “ಡಾಕ್ಟರ್ ಸಾಹೇಬ್ರ, ನಿಲ್ಲಬೇಕಾಗೇತಿ ಅಂತ ಹೇಳಾಕ ಯಾಕ್ರೀ ನಾಚಿಕಿ? ನಾವೇನು ರೇಸಿಗೆ ಬಂದೀವೇನ್ರೀ?”

ಚರಕರ ಏಳನೆಯ ಅಧ್ಯಾಯವನ್ನು ನನಗೆ ಎರಡನೆಯ ಬಾರಿ ಪಾಠ ಹೇಳಿದವನು ಆ ಹುಡುಗ.

ವೈದ್ಯನಾಗಿ ಇದರ ಕಾರಣವನ್ನು ವಿವರಿಸಬೇಕು. ಮೈಮೇಲೆ ಗಾಳಿ ಬೀಸುವಾಗ ಬೆವರು ಕೂಡಲೇ ಆರಿಹೋಗುವುದರಿಂದ ನೀರು ಕಳೆದುಕೊಳ್ಳುತ್ತಿರುವುದು ಸವಾರನ ಗಮನಕ್ಕೆ ಬರುವುದಿಲ್ಲ. ನೀರು ಕಡಿಮೆಯಾದರೆ ಗಮನ ಚದುರುತ್ತದೆ, ರಕ್ತದೊತ್ತಡದ ಗುಳಿಗೆ ನುಂಗುವವರಿಗೆ ತಲೆ ಸುತ್ತುತ್ತದೆ. ಐವತ್ತರ ನಂತರ ಅನೇಕ ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿ ಹಿಗ್ಗುವುದರಿಂದ ಮೂತ್ರದ ಒತ್ತಡ ಬೇಗ ಬೇಗ ಬರುತ್ತದೆ. ಅದನ್ನು ತಡೆಯುವುದು ಬಸ್ತಿಗೆ ಕೇಡು. ಹೃದಯ, ಶಿರಸ್ಸುಗಳೊಂದಿಗೆ ಬಸ್ತಿಯನ್ನೂ ಮೂರು ಪ್ರಧಾನ ಮರ್ಮಗಳಲ್ಲಿ ಒಂದೆಂದು ನಮ್ಮ ಶಾಸ್ತ್ರ ಎಣಿಸುವುದು ಸುಮ್ಮನೆ ಅಲ್ಲ. ನಿದ್ದೆಗೆಟ್ಟು ಹೊರಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಹೆಲ್ಮೆಟ್ಟಿನೊಳಗೆ ಆಕಳಿಕೆ ಬಂದಿತೆಂದರೆ, ಅದು ಗಾಡಿ ನಿಲ್ಲಿಸೆಂದು ದೇಹ ಕೊಡುವ ಸೂಚನೆ.

ತಡೆಯಲೇಬೇಕಾದ ವೇಗಗಳು

ಅದೇ ಅಧ್ಯಾಯದಲ್ಲಿ ಚರಕರು ತಡೆಯಬೇಕಾದ ವೇಗಗಳನ್ನೂ ಹೇಳುತ್ತಾರೆ. ಸಾಹಸ, ಅಂದರೆ ತನ್ನ ಬಲ ಮೀರಿದ ದುಡುಕು. ಮನಸ್ಸಿನ ಲೋಭ, ಕ್ರೋಧ, ಈರ್ಷ್ಯೆ, ಮಾನ ಅಂದರೆ ಗರ್ವ. ನಡುವಯಸ್ಸಿನ ಹೊಸ ಸವಾರನಿಗೆ ಇದಕ್ಕಿಂತ ನಿಖರವಾದ ಎಚ್ಚರಿಕೆಯ ಪಟ್ಟಿಯನ್ನು ನಾನು ಎಲ್ಲಿಯೂ ಕಂಡಿಲ್ಲ. ಮುಂದಿನವನನ್ನು ಹಿಂದಿಕ್ಕಬೇಕೆನ್ನುವುದು ಈರ್ಷ್ಯೆ. ಇರುವ ಗಾಡಿ ಪಳಗುವ ಮೊದಲೇ ಇನ್ನೂ ದೊಡ್ಡದು ಬೇಕೆನ್ನುವುದು ಲೋಭ. ಅಡ್ಡ ಬಂದ ಆಟೋದವನನ್ನು ಬೆನ್ನಟ್ಟುವುದು ಕ್ರೋಧ. ಇಳಿಜಾರಿನಲ್ಲಿ ಬಿದ್ದು ‘ಎಣ್ಣೆ ಚೆಲ್ಲಿತ್ತು’ ಎನ್ನುವುದು ಮಾನ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಪ್ರತಿ ಸೆಕೆಂಡಿಗೆ 22 ಮೀಟರ್ ಮುಂದೆ ಸಾಗುತ್ತದೆ. ಕಣ್ಣು ಕಂಡದ್ದು ಮೆದುಳಿಗೆ ತಿಳಿದು, ಕೈ ಬ್ರೇಕ್ ಹಿಡಿಯುವ ಹೊತ್ತಿನಲ್ಲಿ ಅರ್ಧ ಸೆಕೆಂಡು ತಡವಾದರೂ 11 ಮೀಟರ್ ಕೈಬಿಟ್ಟಂತೆ. ವಯಸ್ಸಾದಂತೆ ಈ ತಡ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ನಮ್ಮ ರಸ್ತೆಗಳ ಸಂಗತಿ ನಿಮಗೆ ಗೊತ್ತೇ ಇದೆ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಜೋಡಿ ಟ್ರೇಲರುಗಳು. ಸುಗ್ಗಿಯಲ್ಲಿ ಡಾಂಬರಿನ ಮೇಲೆ ಒಕ್ಕಣೆಗೆ ಹರಡಿದ ಕಾಳು, ಹೊಟ್ಟು. ಬಣ್ಣ ಬಳಿಯದ ಉಬ್ಬುಗಳು. ಸಂಜೆ ಮೇವು ಮುಗಿಸಿ ಮನೆಗೆ ಮರಳುವ ದನಗಳು. ಇಲ್ಲಿ ಸಾಹಸಕ್ಕೆ ಎಡೆಯೇ ಇಲ್ಲ.

ಇನ್ನೊಂದು ಅಪಾಯವನ್ನು ಯಾರೂ ಹೇಳುವುದಿಲ್ಲ. ಗೇರಿಲ್ಲದ ಸ್ಕೂಟರಿನಲ್ಲಿ ಎಡಗೈಗೆ ಬ್ರೇಕು. ಮೋಟಾರ್ ಸೈಕಲ್ಲಿನಲ್ಲಿ ಎಡಗೈಗೆ ಕ್ಲಚ್ಚು. ವರ್ಷಗಟ್ಟಲೆ ಅಂಥ ಸ್ಕೂಟರ್ ಓಡಿಸಿದ ಕೈ, ಗಾಬರಿಯಾದಾಗ ತಾನಾಗಿಯೇ ಎಡ ಸನ್ನೆಯನ್ನು ಅದುಮುತ್ತದೆ. ಗಾಡಿ ನಿಲ್ಲುವ ಬದಲು ಇಂಜಿನ್ನಿನ ಹಿಡಿತವನ್ನೂ ಕಳೆದುಕೊಂಡು ಮುಂದಕ್ಕೆ ಜಾರುತ್ತದೆ. ನನಗೆ ಹೀಗೆ ಎರಡು ಬಾರಿ ಆಗಿದೆ. ಹಳೆಯ ರೂಢಿಯನ್ನು ಒಮ್ಮೆಲೇ ಬಿಡಿಸಲಾಗದು. ಕಾಲು ಕಾಲು ಭಾಗವಾಗಿ ಬಿಡಿಸಿ, ಹೊಸದನ್ನು ಅಷ್ಟಷ್ಟಾಗಿ ರೂಢಿಸಿಕೊಳ್ಳಬೇಕೆಂದು ಚರಕರು ಹೇಳಿದ್ದೂ ಅದೇ ಏಳನೆಯ ಅಧ್ಯಾಯದಲ್ಲಿಯೇ. ಖಾಲಿ ಮೈದಾನದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದನ್ನೇ ಅಭ್ಯಾಸ ಮಾಡಿರಿ. ಓಡಿಸುವುದು ತಾನಾಗಿ ಬರುತ್ತದೆ.

ಉತ್ತಮಾಂಗದ ರಕ್ಷಣೆ

ಪ್ರಾಣವೂ ಸಕಲ ಇಂದ್ರಿಯಗಳೂ ಆಶ್ರಯಿಸಿರುವ ಕಾರಣ ಶಿರಸ್ಸನ್ನು ಉತ್ತಮಾಂಗ ಎಂದಿದ್ದಾರೆ. ಸುಶ್ರುತರು ಹೇಳುವ 107 ಮರ್ಮಗಳಲ್ಲಿ 37 ಕುತ್ತಿಗೆಯಿಂದ ಮೇಲೆಯೇ ಇವೆ. ಇನ್ನು ನಮ್ಮ ಕಾಲದ ಲೆಕ್ಕ: ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು; ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ ಧರಿಸದೆ ಸತ್ತವರೇ 50 ಸಾವಿರ; ಅವರಲ್ಲಿ ಹಿಂದೆ ಕುಳಿತವರು 14 ಸಾವಿರಕ್ಕೂ ಹೆಚ್ಚು.

ಆ ಹಿಂದೆ ಕುಳಿತವರು ಯಾರು? ಅವರಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು, ಮಕ್ಕಳೂ ಇದ್ದಾರೆ. ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ತನಗೆ ಹತ್ತು ಸಾವಿರದ ಹೆಲ್ಮೆಟ್, ಚರ್ಮದ ಜಾಕೆಟ್ಟು, ಕೈಗವಸು. ಹಿಂದೆ ಕೂತ ಹೆಂಡತಿಗೆ ತಲೆಯ ಮೇಲೆ ಸೆರಗು: ಈ ದೃಶ್ಯವನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಇದು ಸಂಸ್ಕೃತಿಯಲ್ಲ. ಜಾಕೆಟ್ಟಿನ ಹಣ ಉಳಿಸಿಯಾದರೂ ಐ.ಎಸ್.ಐ. ಗುರುತಿನ, ಗದ್ದ ಮುಚ್ಚುವ ಎರಡು ಹೆಲ್ಮೆಟ್ ಕೊಳ್ಳಿರಿ, ಪಟ್ಟಿಯನ್ನು ಬಿಗಿದುಕೊಳ್ಳಿರಿ.

ಹೊಸಬರಿಗೆ ಕೆಲವು ಹಿತವಚನಗಳು

ಗೇರಿಲ್ಲದ ಸ್ಕೂಟರಿನ ಪರವಾನಗಿ ಗೇರುಳ್ಳ ಮೋಟಾರ್ ಸೈಕಲ್ಲಿಗೆ ನಡೆಯುವುದಿಲ್ಲ. ಮೊದಲು ಅದನ್ನು ಸರಿಪಡಿಸಿಕೊಳ್ಳಿರಿ. 40 ದಾಟಿದವರು ಪರವಾನಗಿಗೆ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕೆಂಬ ನಿಯಮವಿದೆ. ಅದನ್ನು ಬರಿಯ ಕಾಗದದ ಶಾಸ್ತ್ರ ಮಾಡದೆ ಕಣ್ಣು, ಕಿವಿ, ಸಕ್ಕರೆ, ರಕ್ತದೊತ್ತಡಗಳನ್ನು ನಿಜವಾಗಿ ಪರೀಕ್ಷಿಸಿಕೊಳ್ಳಿರಿ. ಕಣ್ಣಿನ ಪೊರೆ ಆರಂಭವಾಗಿದ್ದರೆ ಎದುರಿನ ವಾಹನದ ಬೆಳಕು ಕಣ್ಣು ಕುಕ್ಕುತ್ತದೆ. ಅಂಥವರು ರಾತ್ರಿ ಸವಾರಿ ಬಿಡಬೇಕು.

ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ ಉಪವಾಸ ಹೊರಡಬಾರದು. ಇನ್ಸುಲಿನ್ ಮತ್ತು ಕೆಲವು ಗುಳಿಗೆಗಳಿಂದ ಸಕ್ಕರೆ ತೀರ ಇಳಿದು ಕಣ್ಣು ಕತ್ತಲಿಡಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಅಂಗಾಲು ಜೋಮು ಹಿಡಿದವರಿಗೆ ಬಲಗಾಲಿನ ಬ್ರೇಕಿನ ಒತ್ತಡ ತಿಳಿಯುವುದಿಲ್ಲ. ಅವರು ತಮ್ಮ ವೈದ್ಯರನ್ನು ಕೇಳದೆ ಗಾಡಿ ಮುಟ್ಟಬಾರದು. ನೆಗಡಿ, ಅಲರ್ಜಿಯ ಕೆಲವು ಗುಳಿಗೆಗಳು ನಿದ್ದೆ ತರಿಸುತ್ತವೆಂಬುದನ್ನೂ ಮರೆಯಬೇಡಿರಿ.

ಚರಕರ ಪ್ರಕಾರ ಅರವತ್ತರ ನಂತರ ದೇಹದಲ್ಲಿ ವಾತದ ಪ್ರಾಬಲ್ಯ. ಗಾಳಿ, ಅಲುಗಾಟ, ದೀರ್ಘಕಾಲದ ಕೂರುವಿಕೆ, ಹೊತ್ತು ತಪ್ಪಿದ ಊಟ ಎಲ್ಲವೂ ವಾತವನ್ನೇ ಕೆರಳಿಸುತ್ತವೆ. ಸವಾರಿಯ ಹಿಂದಿನ ದಿನವೂ ಮರುದಿನವೂ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರಿನ ಸ್ನಾನ ಮಾಡಿರಿ. ಸೊಂಟಕ್ಕೆ ಭುಜಂಗಾಸನ, ಶಲಭಾಸನಗಳನ್ನು ತಿಳಿದವರ ಬಳಿ ಕಲಿತು ನಿತ್ಯ ಮಾಡಿರಿ. ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದು, ನೀರು ಕುಡಿದು, ಮೂತ್ರಕ್ಕೆ ಹೋಗಿ ಬನ್ನಿರಿ. ವ್ಯಾಯಾಮವನ್ನು ಶಕ್ತಿಯ ಅರ್ಧದಷ್ಟೇ ಮಾಡಬೇಕೆಂಬ ವಾಗ್ಭಟರ ನಿಯಮ ಸವಾರಿಗೂ ಸಲ್ಲುತ್ತದೆ. ಹೋಗುವಾಗಲೇ ಬಲವೆಲ್ಲ ವ್ಯಯಿಸಿದರೆ ಬರುವಾಗ ಏನು ಉಳಿಯಿತು? ಕೆಟ್ಟ ವಾಹನವನ್ನು ಏರಬಾರದೆಂದೂ ವಾಗ್ಭಟರು ದಿನಚರ್ಯೆಯಲ್ಲಿ ಹೇಳಿದ್ದಾರೆ. ಸವೆದ ಟೈರು, ಸಡಿಲ ಸರಪಳಿಯ ಗಾಡಿಯೂ ಅದರಲ್ಲಿ ಸೇರಿತು.

ಸವಾರರ ತಂಡಗಳಿಗೂ ಒಂದು ಮಾತು. ನಿಮ್ಮಲ್ಲಿ ಮುಂದಾಳು ಇರುತ್ತಾನೆ, ಕೊನೆಯಲ್ಲಿ ಎಲ್ಲರನ್ನೂ ಕಾಯುತ್ತ ಬರುವ ಅನುಭವಿ ಇರುತ್ತಾನೆ. ಇದು ಒಳ್ಳೆಯ ಸಂಪ್ರದಾಯ. ಹೊಸಬರನ್ನು ಮುಂದಾಳುವಿನ ಬೆನ್ನಿಗೇ ಇಟ್ಟುಕೊಳ್ಳಿರಿ. ಇಡೀ ತಂಡ ಅವರ ವೇಗದಲ್ಲಿ ಸಾಗಲಿ. ನಿಲ್ಲುವ ಸ್ಥಳಗಳನ್ನು ಮೊದಲೇ ಹೇಳಿಬಿಡಿರಿ. ಆಗ ಯಾವ ಹಿರಿಯನೂ ಮೂತ್ರಕ್ಕೆ ನಾಚಬೇಕಾಗುವುದಿಲ್ಲ.

ಬಿಡುವುದನ್ನೂ ಕಲಿಯಬೇಕು

ನನ್ನ ಎಡಗಣ್ಣಿನಲ್ಲಿ ಪೊರೆ ಬೆಳೆಯುತ್ತಿದೆ. ಎರಡು ವರ್ಷದಿಂದ ಸೂರ್ಯಾಸ್ತದ ನಂತರ ನಾನು ಗಾಡಿ ಮುಟ್ಟಿಲ್ಲ. ಘಟ್ಟದ ದಾರಿಯನ್ನು ಕಳೆದ ವರ್ಷ ಬಿಟ್ಟೆ. ನಿಂತ ಗಾಡಿಯನ್ನು ಒಬ್ಬನೇ ಹಿಂದಕ್ಕೆ ತಳ್ಳಿ ತಿರುಗಿಸಲಾಗದ ದಿನ, ಬೀಗದ ಕೈಯನ್ನು ಮಗನಿಗೆ ಕೊಡುವುದೆಂದು ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಆ ದಿನ ದೂರವಿಲ್ಲ. ನೆನೆದರೆ ನೋವಾಗುತ್ತದೆ, ಸುಳ್ಳೇಕೆ ಹೇಳಲಿ? ಆದರೆ ತಡವಾಗಿ ಕಲಿತವನು ಬೇಗ ಬಿಡಬೇಕಾಗುತ್ತದೆ. ಬಿಡುವ ದಿನವನ್ನು ತಾನೇ ಗೊತ್ತುಪಡಿಸದಿದ್ದರೆ ರಸ್ತೆ ಅದನ್ನು ಗೊತ್ತುಪಡಿಸುತ್ತದೆ.

ಆ ದಂಪತಿಗಳಿಗೆ ಹೇಳಿದ್ದು ಇಷ್ಟು. ಗಾಡಿ ಮಾರುವುದು ಬೇಡ. ಮೂರು ತಿಂಗಳು ಊರ ಹೊರಗಿನ ಮೈದಾನ ಬಿಟ್ಟು ಎಲ್ಲಿಗೂ ಹೋಗುವುದು ಬೇಡ. ಸಕ್ಕರೆ ಹತೋಟಿಗೆ ಬರಲಿ, ಅಂಗಾಲಿನ ಸ್ಪರ್ಶ ಪರೀಕ್ಷೆಯಾಗಲಿ. ಎರಡನೆಯ ಹೆಲ್ಮೆಟ್ ಬರಲಿ. ಆಮೇಲೆ ಮೊದಲ ಸವಾರಿ ಹುಡುಗರ ಜೊತೆಗಲ್ಲ, ಶ್ರೀಮತಿಯವರನ್ನು ಕೂರಿಸಿಕೊಂಡು, ಹತ್ತು ಕಿಲೋಮೀಟರ್ ಮಾತ್ರ. ಆ ತಾಯಿ ಆಗ ನನ್ನ ಹಿಂದಿನ ಗೂಟ ನೋಡಿದರು. “ಅಯ್ಯ ಶಿವನೇ, ನೀವೂ ಹಿಂಗೇನ್ರೀ?” ಎಂದರು. ಯಜಮಾನರು ಅಂದು ಮೊದಲ ಬಾರಿಗೆ ತಲೆ ಎತ್ತಿದರು.

ಮೊನ್ನೆ ಅಂಗಾಲಿನ ಪರೀಕ್ಷೆಯ ವರದಿ ತಂದು ತೋರಿಸಿದರು. ಬಲಗಾಲಿನಲ್ಲಿ ಸ್ಪರ್ಶ ಸ್ವಲ್ಪ ಕಡಿಮೆಯಿದೆ. ಸದ್ಯಕ್ಕೆ ಗಾಡಿ ಅಂಗಳದಲ್ಲಿಯೇ ನಿಂತಿದೆ. ಅವರು ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುತ್ತಿದ್ದಾರೆ. “ನಡೆಯುವುದೂ ಒಂದು ಸವಾರಿಯೇ” ಎಂದು ನಾನು ಸಮಾಧಾನ ಹೇಳಲಿಲ್ಲ. ಕಾಯಿರಿ, ಮುಂದಿನ ಪರೀಕ್ಷೆ ನೋಡೋಣ ಎಂದಷ್ಟೇ ಹೇಳಿದೆ. ಅವರು ಕಾಯುತ್ತಿದ್ದಾರೆ. ಗಾಡಿಯನ್ನು ವೇಗವಾಗಿ ಓಡಿಸುವುದಕ್ಕಿಂತ ಹೀಗೆ ಕಾಯುವುದಕ್ಕೇ ಹೆಚ್ಚು ಧೈರ್ಯ ಬೇಕೆಂದು ನಾನು ನಂಬಿದ್ದೇನೆ.